ಆಫೀಸ್ ವೈಫೈ ಕಿರಿಕಿರಿ, ಆಟೋ ಚಾನೆಲ್, ಆಟೋ ಪವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಜನ ತುಂಬಿರೋ ಆಫೀಸಲ್ಲಿ ನೆಟ್‌ವರ್ಕ್ ನೋಡ್ಕೊಳೋರಿಗೆ ಬರೋ ಪ್ರಶ್ನೆಗಳು ಇವು. ಕೆಳಗೆ ಎಪಿ ಅಂತ ಬರೆದಿರೋ ಕಡೆಯೆಲ್ಲ ಆಕ್ಸೆಸ್ ಪಾಯಿಂಟ್, ಅಂದ್ರೆ ಸೀಲಿಂಗಿಗೆ ಅಂಟಿಸಿರೋ ಬಿಳಿ ಡಬ್ಬಿ. ಕಂಟ್ರೋಲರ್ ಅಂದ್ರೆ ಆ ಎಪಿಗಳನ್ನೆಲ್ಲ ಒಟ್ಟಿಗೆ ನಡೆಸೋ ಸಾಫ್ಟ್‌ವೇರ್, ಅದು ರ್ಯಾಕಲ್ಲಿ ಇದ್ರೂ ಸರಿ ಕ್ಲೌಡಲ್ಲಿ ಇದ್ರೂ ಸರಿ. ಚಾನೆಲ್ ಅಂದ್ರೆ ವೈಫೈ ಮಾತಾಡೋ ರೇಡಿಯೋ ದಾರಿ, 2.4, 5, 6 ಗಿಗಾಹರ್ಟ್ಸ್ ಅನ್ನೋವು ಆ ದಾರಿಗಳ ಗುಂಪುಗಳು. ಆಟೋ ಅಂದ್ರೆ ಚಾನೆಲ್, ಪವರ್ ಇವನ್ನ ಕಂಟ್ರೋಲರೇ ಆರಿಸೋದು.

ಸಿಗ್ನಲ್ ಫುಲ್ ತೋರಿಸ್ತಿದೆ, ಸ್ಪೀಡ್ ಮಾತ್ರ ಇಲ್ಲ. ಏನ್ ಕಥೆ?

ಸಿಗ್ನಲ್ ಫುಲ್ ಅಂದ್ರೆ ನಿಮ್ಮ ಲ್ಯಾಪ್‌ಟಾಪಿಗೆ ಎಪಿ ಚೆನ್ನಾಗಿ ಕೇಳಿಸ್ತಿದೆ ಅಂತ ಅಷ್ಟೆ, ಕಳಿಸೋಕೆ ಚಾನ್ಸ್ ಸಿಗ್ತಿದೆ ಅಂತ ಅಲ್ಲ. ವೈಫೈಲಿ ಪ್ರತಿ ಡಿವೈಸೂ ಕಳಿಸೋ ಮುಂಚೆ ಚಾನೆಲ್ ಖಾಲಿ ಇದ್ಯಾ ಅಂತ ಕೇಳಿಸ್ಕೊಳತ್ತೆ, ಯಾರಾದ್ರೂ ಕಳಿಸ್ತಿದ್ರೆ ಸುಮ್ಮನಿರತ್ತೆ, ಆಮೇಲೆ ಒಂದಷ್ಟು ರ್ಯಾಂಡಮ್ ಹೊತ್ತು ಕಾದು ಮತ್ತೆ ಟ್ರೈ ಮಾಡತ್ತೆ. ಸಮಸ್ಯೆ ಇರೋದು ಇಲ್ಲೇ. ಈ ಸುಮ್ಮನಿರೋ ಮಟ್ಟ ತುಂಬಾ ಕೆಳಗಿದೆ, 20 ಮೆಗಾಹರ್ಟ್ಸ್ ಚಾನೆಲ್ಲಲ್ಲಿ ಸುಮಾರು ಮೈನಸ್ 82 ಡಿಬಿಎಂ (ಸಿಗ್ನಲ್ ಜೋರು ಅಳೆಯೋ ಮಾಪು, ಮೈನಸ್ ಮುಂದಿನ ನಂಬರ್ ದೊಡ್ಡದಾದಷ್ಟೂ ಸಿಗ್ನಲ್ ವೀಕ್) ಮಟ್ಟದ ವೈಫೈ ಸಿಗ್ನಲ್ ಕೇಳಿಸಿದ್ರೂ ಡಿವೈಸ್ ಬಾಯಿ ಮುಚ್ಕೊಂಡು ಕೂರತ್ತೆ. ಅಷ್ಟು ವೀಕ್ ಸಿಗ್ನಲ್ಲಲ್ಲಿ ನೀವು ನೆಟ್ಟಗೆ ಒಂದು ವಿಡಿಯೋ ಕಾಲ್ ಮಾಡೋಕಾಗಲ್ಲ, ಆದ್ರೆ ಅದೇ ವೀಕ್ ಸಿಗ್ನಲ್ಲು ನಿಮ್ಮನ್ನ ಸುಮ್ಮನಾಗಿಸೋಕೆ ಧಾರಾಳ ಸಾಕು. ಅಂದ್ರೆ ಒಂದು ಎಪಿ ಎಷ್ಟು ದೂರದವರಿಗೆ ಉಪಯೋಗ ಆಗತ್ತೋ ಅದಕ್ಕಿಂತ ಎಷ್ಟೋ ದೂರದವರಿಗೆ ತೊಂದರೆ ಕೊಡತ್ತೆ. ಈ ಒಂದು ವಿಷಯ ತಲೇಲಿ ಕೂತ್ರೆ ಕೆಳಗಿರೋ ಅರ್ಧ ಉತ್ತರ ನೀವೇ ಹೇಳ್ತೀರ.

ಇಂಟರ್ಫೆರೆನ್ಸ್ ಅಂತ ಎಲ್ಲಾದಕ್ಕೂ ಹೇಳ್ತಾರೆ, ಅದರಲ್ಲಿ ಬಗೆಗಳಿದ್ಯಾ?

ಇದೆ, ಮೂರು, ಮತ್ತೆ ಮೂರಕ್ಕೂ ಮದ್ದು ಬೇರೆ ಬೇರೆ.

ಒಂದೇ ಚಾನೆಲ್ ಮೇಲೆ ಇಬ್ರು ಇದ್ರೆ ಅದು ಕೋ-ಚಾನೆಲ್. ಇಲ್ಲಿ ಒಬ್ಬರ ಮಾತು ಒಬ್ಬರಿಗೆ ಅರ್ಥ ಆಗತ್ತೆ, ಹಾಗಾಗಿ ಸರದಿ ಪ್ರಕಾರ ಕಾಯ್ತಾರೆ, ಎಲ್ಲರೂ ಸ್ಲೋ ಆಗ್ತಾರೆ ಆದ್ರೆ ವ್ಯವಸ್ಥೆ ಕುಸಿಯಲ್ಲ. ಅರ್ಧಂಬರ್ಧ ಒಂದರ ಮೇಲೊಂದು ಬೀಳೋ ಚಾನೆಲ್ಲುಗಳಲ್ಲಿ ಇಬ್ರು ಇದ್ರೆ ಅಡ್ಜಸೆಂಟ್ ಚಾನೆಲ್, ಇದು ಇನ್ನೂ ಕೆಟ್ಟದು, ಯಾಕಂದ್ರೆ ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗದ್ದಲ, ಕಾಯೋ ಮರ್ಯಾದೆ ಇಲ್ಲ, ಒಬ್ಬರ ಮೇಲೊಬ್ಬರು ಕಳಿಸಿ ಪ್ಯಾಕೆಟ್ ಹಾಳಾಗಿ ಮತ್ತೆ ಮತ್ತೆ ಕಳಿಸೋದೇ ಆಗತ್ತೆ. ಮೂರನೇದು ವೈಫೈ ಅಲ್ಲದೇ ಇರೋ ಸಾಮಾನು, ಮೈಕ್ರೋವೇವ್, ಬ್ಲೂಟೂತ್, ವೈರ್‌ಲೆಸ್ ಕ್ಯಾಮೆರಾ, ಇಂಥವು. ಇವಕ್ಕೆ ವೈಫೈ ನಿಯಮ ಏನೂ ಗೊತ್ತಿಲ್ಲ.

2.4 ಗಿಗಾಹರ್ಟ್ಸಲ್ಲಿ ಎಲ್ಲಾರೂ 1, 6, 11 ಮೇಲೇ ಕೂತಿದ್ದಾರೆ. ನಾನು 3 ಅಥವಾ 8 ತಗೊಂಡ್ರೆ ಆರಾಮಲ್ವಾ?

ಬೇಡ. ಇಲ್ಲಿ ಚಾನೆಲ್ ನಂಬರುಗಳ ನಡುವೆ ಇರೋದು ಬರೀ 5 ಮೆಗಾಹರ್ಟ್ಸ್, ಆದ್ರೆ ಒಂದು ಸಿಗ್ನಲ್ ತಗೊಳೋ ಜಾಗ 20 ಮೆಗಾಹರ್ಟ್ಸ್. 1 ಅಂದ್ರೆ 2412, 6 ಅಂದ್ರೆ 2437, 11 ಅಂದ್ರೆ 2462. ನೀವು 3ರಲ್ಲಿ ಕೂತ್ರೆ 1ರವರಿಗೂ ತೊಂದರೆ 6ರವರಿಗೂ ತೊಂದರೆ, ಅವರಿಬ್ಬರಿಂದ ನಿಮಗೂ ತೊಂದರೆ, ಮೇಲೆ ಹೇಳಿದ ಎರಡನೇ ಬಗೆ ಇದೇ. ತುಂಬಿರೋ 6ರಲ್ಲಿ ಸರದಿ ಕಾಯೋದು ಖಾಲಿ ಕಾಣೋ 8ಕ್ಕಿಂತ ವಾಸಿ. ಆಟೋ ಚಾನೆಲ್ ಆನ್ ಮಾಡೋ ಮುಂಚೆ 2.4ರ ಲಿಸ್ಟಲ್ಲಿ 1, 6, 11 ಬಿಟ್ಟು ಬೇರೆ ಎಲ್ಲಾ ತೆಗೆದಿದ್ದೀರಾ ನೋಡಿ, ಕೆಲವು ಅಗ್ಗದ ಎಪಿಗಳು ಖಾಲಿ ಕಂಡಿತು ಅಂತ 4ಕ್ಕೋ 9ಕ್ಕೋ ಹೋಗಿ ಕೂತ್ಬಿಡತ್ವೆ.

ಆಟೋ ಕಾನ್ಫಿಗರೇಶನ್ ಒಳಗೆ ಆಗೋದೇನು?

ಮೂರು ಕೆಲಸ: ಯಾವ ಎಪಿಗೆ ಯಾವ ಚಾನೆಲ್, ಎಷ್ಟು ಅಗಲದ ಚಾನೆಲ್, ಎಷ್ಟು ಪವರ್. ಕಂಪನಿಗೊಂದು ಹೆಸರು ಇಟ್ಕೊಂಡಿದ್ದಾರೆ, ಆರ್‌ಆರ್‌ಎಂ, ಆಟೋ ಆರ್‌ಎಫ್, ಏರ್‌ಮ್ಯಾಚ್ ಅಂತೆಲ್ಲ, ಬೇರು ಒಂದೇ.

ಎಪಿ ಆಗಾಗ ತನ್ನ ಚಾನೆಲ್ ಬಿಟ್ಟು ಕೆಲವು ಹತ್ತು ಮಿಲಿಸೆಕೆಂಡ್ ಹೊತ್ತು ಬೇರೆ ಚಾನೆಲ್ಲಿಗೆ ಹೋಗಿ ಅಲ್ಲಿ ಯಾರಿದ್ದಾರೆ, ಎಷ್ಟು ಬಿಜಿ, ನಾಯ್ಸ್ ಎಷ್ಟು ಅಂತ ಕೇಳಿಸ್ಕೊಂಡು ವಾಪಸ್ ಬರತ್ತೆ (ಸ್ಕ್ಯಾನಿಂಗಿಗೇ ಅಂತ ಇನ್ನೊಂದು ರೇಡಿಯೋ ಇರೋ ಎಪಿಗಳೂ ಇವೆ, ಬಜೆಟ್ ಇದ್ರೆ ಅವೇ ಒಳ್ಳೇದು). ಜೊತೆಗೆ ಒಂದೇ ಕಂಟ್ರೋಲರಿನ ಎಪಿಗಳು ಗೊತ್ತಿರೋ ಪವರಲ್ಲಿ ಒಂದಕ್ಕೊಂದು ಚಿಕ್ಕ ಮೆಸೇಜ್ ಕಳಿಸ್ತಾ ಇರತ್ವೆ, ಅದು ಎಷ್ಟು ಜೋರಾಗಿ ಕೇಳಿಸ್ತು ಅನ್ನೋದರ ಮೇಲೆ ಯಾರು ಯಾರಿಗೆ ರೇಡಿಯೋ ಲೆಕ್ಕದಲ್ಲಿ ಹತ್ತಿರ ಅಂತ ಒಂದು ಮ್ಯಾಪ್ ಆಗತ್ತೆ. ಇದೆಲ್ಲ ಕಂಟ್ರೋಲರಿಗೆ ಹೋಗತ್ತೆ, ಅದು ಜೋರಾಗಿ ಕೇಳಿಸ್ಕೊಳೋ ಇಬ್ಬರಿಗೆ ಒಂದೇ ಚಾನೆಲ್ ಬೀಳದ ಹಾಗೆ ಹಂಚೋಕೆ ನೋಡತ್ತೆ. ಗಣಿತದವರು ಇದನ್ನ ಗ್ರಾಫ್ ಕಲರಿಂಗ್ ಅಂತಾರೆ, ಪಕ್ಕಪಕ್ಕದ ಚುಕ್ಕಿಗಳಿಗೆ ಒಂದೇ ಬಣ್ಣ ಬರಬಾರದು ಅನ್ನೋ ಲೆಕ್ಕ. ಚುಕ್ಕಿಗಳು ಜಾಸ್ತಿ ಆದ್ರೆ ಪರ್ಫೆಕ್ಟ್ ಉತ್ತರ ಹುಡುಕೋಕೆ ಕಂಪ್ಯೂಟರಿಗೂ ಟೈಮ್ ಸಾಲಲ್ಲ, ಅದಕ್ಕೆ ಎಲ್ಲಾ ಕಂಪನಿಯವರೂ ಒಂದು ಮಟ್ಟಿಗೆ ಚೆನ್ನಾಗಿರೋ ಉತ್ತರ ಸಿಕ್ಕಿದ್ರೆ ಅಲ್ಲಿಗೆ ನಿಲ್ಲಿಸ್ತಾರೆ. ಹಂಗಾಗಿ ಮ್ಯಾಪ್ ನೋಡ್ದಾಗ ಅಲ್ಲೊಂದು ಇಲ್ಲೊಂದು ಪಕ್ಕಪಕ್ಕದ ಎಪಿ ಒಂದೇ ಚಾನೆಲ್ಲಲ್ಲಿ ಕಂಡ್ರೆ ಗಾಬರಿ ಬೇಡ.

ಮನೆ ರೂಟರಲ್ಲೂ ಆಟೋ ಅಂತ ಇದೆಯಲ್ಲ, ಅದೂ ಇದೇನಾ?

ಅಲ್ಲ. ಅದು ಹೆಚ್ಚಿನ ಮಾಡೆಲ್ಲುಗಳಲ್ಲಿ ಆನ್ ಆದಾಗ ಒಂದು ಸಲ ಸುತ್ತ ನೋಡಿ ತನಗೆ ಒಳ್ಳೇದು ಅನ್ಸಿದ್ದನ್ನ ತಗೊಂಡು ಅಲ್ಲೇ ಕೂರತ್ತೆ, ಪಕ್ಕದವನ ಜೊತೆ ಮಾತುಕತೆ ಏನಿಲ್ಲ. ಅಂಥ ಹತ್ತಾರು ರೂಟರ್ ಆಫೀಸಿಗೆ ತಂದು ಹಾಕಿ ಕರೆಂಟ್ ಹೋಗಿ ಬಂದ್ರೆ ಎಲ್ಲಾವೂ ಒಟ್ಟಿಗೆ ಎದ್ದು, ಒಟ್ಟಿಗೆ ನೋಡಿ, ಒಟ್ಟಿಗೆ ಒಂದೇ ಚಾನೆಲ್ ಹಿಡಿಯೋ ಚಾನ್ಸೂ ಇದೆ.

ನಮ್ಮ ಆಟೋ ಪವರ್ ಎಪಿಗಳ ಪವರ್ ಕಡಿಮೆ ಮಾಡ್ತಿದೆ. ದುಡ್ಡು ಕೊಟ್ಟು ತಂದಿದ್ದೀವಿ, ಫುಲ್ ಪವರ್ ಇಟ್ರೆ ತಪ್ಪೇನು?

ಈ ಪ್ರಶ್ನೆ ಬಾಸ್ ಕಡೆಯಿಂದಾನೇ ಜಾಸ್ತಿ ಬರತ್ತೆ. ಎಪಿ 20 ಡಿಬಿಎಂ ಅಂದ್ರೆ 100 ಮಿಲಿವ್ಯಾಟಲ್ಲಿ ಕೂಗತ್ತೆ ಅಂತ ಇಟ್ಕೊಳಿ, ನಿಮ್ಮ ಫೋನು ಅದಕ್ಕಿಂತ ಕಡಿಮೆ ಪವರಲ್ಲೇ ಕಳಿಸೋದು, ಬ್ಯಾಟರಿ ಉಳಿಬೇಕಲ್ಲ. ಫೋನಿಗೆ ಎಪಿ ಕೇಳಿಸತ್ತೆ, ಎಪಿಗೆ ಫೋನ್ ಕೇಳಿಸಲ್ಲ. ಸಿಗ್ನಲ್ ಫುಲ್ ತೋರಿಸ್ತಾ ಕಾಲಲ್ಲಿ ನಿಮ್ಮ ದನಿ ಮಾತ್ರ ಕಟ್ ಆಗೋದು ಬಹಳ ಸಲ ಇದರಿಂದಾನೇ. ಎರಡನೇದು, ಜೋರಾಗಿ ಕೂಗೋ ಎಪಿ ಆಚೆ ಕಡೆ ಅದೇ ಚಾನೆಲ್ಲಲ್ಲಿರೋ ನಿಮ್ಮದೇ ಇನ್ನೊಂದು ಎಪಿಯನ್ನ ಸುಮ್ಮನಾಗಿಸತ್ತೆ. ಮೂರನೇದು, ದೂರದ ಎಪಿಯೂ ಚೆನ್ನಾಗಿ ಕೇಳಿಸ್ತಾ ಇದ್ರೆ ಲ್ಯಾಪ್‌ಟಾಪ್ ಅದನ್ನ ಬಿಟ್ಟು ಹತ್ತಿರದ್ದಕ್ಕೆ ಬರೋದೇ ಇಲ್ಲ.

ಪ್ರತಿ 3 ಡಿಬಿಗೆ ಪವರ್ ಅರ್ಧ ಆಗತ್ತೆ, 20ರಿಂದ 17ಕ್ಕೆ ಬಂದ್ರೆ 50 ಮಿಲಿವ್ಯಾಟ್, 14ಕ್ಕೆ ಬಂದ್ರೆ 25. ಕೇಳೋಕೆ ಭಾರೀ ಇಳಿಕೆ ಅನ್ಸತ್ತೆ, ಕವರೇಜಲ್ಲಿ ಅಷ್ಟು ಕಾಣಲ್ಲ.

ಹಾಗಾದ್ರೆ ಆಟೋ ಪವರ್ ಮಾಡಿದ್ದೆಲ್ಲ ಸರಿನಾ?

ಇಲ್ಲ, ಮತ್ತೆ ಈ ಪೇಜಲ್ಲಿ ಒಂದೇ ಒಂದು ಉತ್ತರ ಓದ್ತೀರ ಅಂದ್ರೆ ಇದನ್ನೇ ಓದಿ. ಆಟೋ ಪವರ್ ಲೆಕ್ಕ ಹಾಕೋದು ಮುಖ್ಯವಾಗಿ ಎಪಿಗೆ ಎಪಿ ಎಷ್ಟು ಕೇಳಿಸತ್ತೆ ಅನ್ನೋದರ ಮೇಲೆ, ಕೆಳಗೆ ಕೂತ ಮನುಷ್ಯನಿಗೆ ಎಷ್ಟು ಕೇಳಿಸತ್ತೆ ಅನ್ನೋದರ ಮೇಲಲ್ಲ. ಉದಾಹರಣೆಗೆ ಎಪಿ ಮಾಡೋ ಕಂಪನಿ ಸಿಸ್ಕೋದ ಹಳೇ ಪವರ್ ಲೆಕ್ಕ ಹೀಗಿದೆ: ಒಂದು ಎಪಿ ತನ್ನ ನೆರೆಯವುಗಳಲ್ಲಿ ಮೂರನೇ ಜೋರಿನವನಿಗೆ ಮೈನಸ್ 70 ಡಿಬಿಎಂ ಆಸುಪಾಸಲ್ಲಿ ಕೇಳಿಸೋ ಹಾಗೆ ಪವರ್ ಇಳಿಸೋದು. ಎಪಿಗಳು ಇರೋದೆಲ್ಲಿ, ಸೀಲಿಂಗಲ್ಲಿ. ಅಲ್ಲಿ ಅವುಗಳ ಮಧ್ಯೆ ಏನೂ ಅಡ್ಡ ಇಲ್ಲ, ಒಂದಕ್ಕೊಂದು ಸ್ಪಷ್ಟವಾಗಿ ಕಾಣತ್ವೆ. ಕೆಳಗೆ ಪಾರ್ಟಿಷನ್, ಕಬ್ಬಿಣದ ಬೀರು, ಗಾಜಿನ ಮೀಟಿಂಗ್ ರೂಮ್, ಜನ, ಎಲ್ಲಾ ಇದೆ. ಮೇಲಿಂದ ನೋಡಿದ ಲೆಕ್ಕದಲ್ಲಿ ಎಲ್ಲರೂ ಒತ್ತೊತ್ತಾಗಿದ್ದಾರೆ ಅಂತ ಪವರ್ ಇಳಿಸ್ತಾ ಇಳಿಸ್ತಾ ಕೆಳಗೆ ಕೂತವರಿಗೆ ಸಿಗ್ನಲ್ಲೇ ಇಲ್ಲದ ಹಾಗೆ ಮಾಡಿಬಿಡತ್ತೆ. ಎತ್ತರದ ಸೀಲಿಂಗ್ ಇರೋ ಹಾಲ್, ಕಾರಿಡಾರ್ ಉದ್ದಕ್ಕೂ ಸಾಲಾಗಿ ಎಪಿ ಹಾಕಿರೋ ಕಟ್ಟಡ, ಈ ಎರಡು ಕಡೆ ಇದು ಹೆಚ್ಚುಕಮ್ಮಿ ಗ್ಯಾರಂಟಿ. ಉಲ್ಟಾನೂ ಆಗತ್ತೆ, ಎಪಿನ ಫಾಲ್ಸ್ ಸೀಲಿಂಗ್ ಒಳಗೆ ಏಸಿ ಡಕ್ಟ್ ಹಿಂದೆ ಬಚ್ಚಿಟ್ರೆ ಅದು ಯಾರಿಗೂ ಕೇಳಿಸಲ್ಲ, ಲೆಕ್ಕ ಅದನ್ನ ಒಂಟಿ ಅಂದ್ಕೊಂಡು ಫುಲ್ ಪವರ್ ಕೊಡತ್ತೆ.

ಪರಿಹಾರ ಸಿಂಪಲ್: ಕನಿಷ್ಠ ಗರಿಷ್ಠ ಎರಡೂ ಹಾಕಿ. ಸಾಮಾನ್ಯ ಆಫೀಸಿಗೆ 5 ಗಿಗಾಹರ್ಟ್ಸಲ್ಲಿ ಕನಿಷ್ಠ 11 ಅಥವಾ 12 ಡಿಬಿಎಂ, ಗರಿಷ್ಠ 17, ಹೀಗೆ ಶುರು ಮಾಡಬಹುದು, 2.4ರಲ್ಲಿ ಅದಕ್ಕಿಂತ ಸುಮಾರು 6 ಡಿಬಿ ಕಡಿಮೆ, ಯಾಕಂದ್ರೆ ಅದು ಜಾಸ್ತಿ ದೂರ ಹೋಗತ್ತೆ ಮತ್ತೆ ಡಿವೈಸುಗಳು ಅದನ್ನೇ ಇಷ್ಟಪಡೋಕೆ ಶುರು ಮಾಡತ್ವೆ. ಇದು ಶಾಸನ ಅಲ್ಲ, ನಿಮ್ಮ ಜಾಗದಲ್ಲಿ ಅಳೆದು ಬದಲಿಸ್ಕೊಳಿ. ಆದ್ರೆ ಮಿತಿ ಹಾಕದೆ ಆಟೋ ಬಿಡೋದು ಬೇಲಿ ಇಲ್ಲದ ಹೊಲಕ್ಕೆ ದನ ಬಿಟ್ಟ ಹಾಗೆ, ಆಮೇಲೆ ದನದ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ.

80 ಮೆಗಾಹರ್ಟ್ಸ್ ಚಾನೆಲ್ ಹಾಕಿದ್ರೆ ಸ್ಪೀಡ್ ಡಬಲ್ ಅಂತಾರಲ್ಲ?

ಒಬ್ಬರೇ ಇರೋ ಕಡೆ ಹೌದು. ಆಫೀಸಲ್ಲಿ ಲೆಕ್ಕ ಬೇರೆ. 5 ಗಿಗಾಹರ್ಟ್ಸಲ್ಲಿ ಎಲ್ಲಾ ಚಾನೆಲ್ಲಿಗೂ ಅನುಮತಿ ಇರೋ ದೇಶದಲ್ಲಿ 20ರ ಅಗಲದವು 25 ಸಿಗತ್ತೆ, 40ರವು 12, 80ರವು 6, 160ರವು ಬರೀ 2. ರೇಡಾರ್ ಜೊತೆ ಹಂಚ್ಕೊಂಡಿರೋ ಚಾನೆಲ್ ಬೇಡ ಅಂತ ಬಿಟ್ರೆ 20ರವು 9, 40ರವು 4, 80ರವು 2. ಎರಡೇ ಎರಡು ಚಾನೆಲ್ ಇಟ್ಕೊಂಡು ಒಂದು ಫ್ಲೋರಲ್ಲಿ ಹತ್ತು ಎಪಿ ಹಂಚಿ ಅಂದ್ರೆ ಯಾವ ಆಟೋನೂ ಹಂಚೋಕಾಗಲ್ಲ, ಐದೈದು ಜನ ಒಂದೊಂದು ಚಾನೆಲ್ಲಲ್ಲಿ ಕಾಯ್ತಾ ಕೂತಿರ್ತಾರೆ. ಮೇಲಿಂದ ಅಗಲ ಡಬಲ್ ಆದಾಗೆಲ್ಲ ನಾಯ್ಸ್ 3 ಡಿಬಿ ಏರತ್ತೆ, ಅದೇ ದೂರದಲ್ಲಿ ಸಿಗ್ನಲ್ ಕ್ವಾಲಿಟಿ ಇಳಿಯತ್ತೆ.

ಇಡೀ ಆಫೀಸಲ್ಲಿ ಎರಡು ಮೂರು ಎಪಿ ಇದ್ರೆ 80 ಇಡಿ, ತೊಂದರೆ ಇಲ್ಲ. ಮಧ್ಯಮ ಆಫೀಸಿಗೆ 40. ಒತ್ತೊತ್ತಾಗಿ ಎಪಿ ಇರೋ ದೊಡ್ಡ ಫ್ಲೋರ್, ಟ್ರೇನಿಂಗ್ ಹಾಲ್, ಆಡಿಟೋರಿಯಂ ಆದ್ರೆ ಕಣ್ಮುಚ್ಕೊಂಡು 20. ಸ್ಪೀಡ್ ಟೆಸ್ಟ್ ನಂಬರ್ ಕಡಿಮೆ ಬರತ್ತೆ, ಕಂಪ್ಲೇಂಟೂ ಕಡಿಮೆ ಬರತ್ತೆ, ಎರಡರಲ್ಲಿ ನಿಮಗೆ ಯಾವುದು ಬೇಕು ನೋಡ್ಕೊಳಿ. ಆಟೋಗೆ ಅಗಲ ಆರಿಸೋ ಅಧಿಕಾರ ಕೊಟ್ರೂ ಗರಿಷ್ಠ 40ಕ್ಕೆ ಕಟ್ಟಿ ಹಾಕಿ. 2.4ರಲ್ಲಿ 40 ಹಾಕೋ ಮಾತೇ ಬೇಡ.

ಡಿಎಫ್‌ಎಸ್ ಚಾನೆಲ್ ಆನ್ ಮಾಡ್ಬೇಕಾ?

ಚಾನೆಲ್ ಕೊರತೆ ಇದ್ರೆ ಮಾಡ್ಲೇಬೇಕು. 52ರಿಂದ 64, 100ರಿಂದ 144, ಇವು ರೇಡಾರ್ ಜೊತೆ ಹಂಚ್ಕೊಳೋ ಚಾನೆಲ್ಲುಗಳು (ನಿಮ್ಮ ದೇಶದ ನಿಯಮದಲ್ಲಿ ಯಾವುದಕ್ಕೆ ಅನುಮತಿ ಇದೆ ಅಂತ ಎಪಿಯಲ್ಲಿ ಕಂಟ್ರಿ ಕೋಡ್ ಸರಿಯಾಗಿ ಹಾಕಿದ್ರೆ ಅದೇ ನೋಡ್ಕೊಳತ್ತೆ, ಜಾಸ್ತಿ ಚಾನೆಲ್ ಸಿಗ್ಲಿ ಅಂತ ಬೇರೆ ದೇಶದ ಕೋಡ್ ಹಾಕೋ ಬುದ್ಧಿವಂತಿಕೆ ಬೇಡ, ಅದು ಕಾನೂನಿಗೆ ವಿರುದ್ಧ). ಎಪಿ ಇಂಥ ಚಾನೆಲ್ಲಿಗೆ ಹೋಗೋ ಮುಂಚೆ ಸಾಮಾನ್ಯವಾಗಿ 60 ಸೆಕೆಂಡ್ ಸುಮ್ಮನೆ ಕೇಳಿಸ್ಕೊಬೇಕು, ಯುರೋಪಲ್ಲಿ ಹವಾಮಾನ ರೇಡಾರ್ ಇರೋ ಭಾಗಕ್ಕೆ 10 ನಿಮಿಷ. ಕೆಲಸ ಮಾಡ್ತಿರೋವಾಗ ರೇಡಾರ್ ಕಂಡ್ರೆ 10 ಸೆಕೆಂಡ್ ಒಳಗೆ ಜಾಗ ಖಾಲಿ ಮಾಡ್ಬೇಕು, 30 ನಿಮಿಷ ವಾಪಸ್ ಬರೋ ಹಾಗಿಲ್ಲ.

ವಿಮಾನ ನಿಲ್ದಾಣ, ಬಂದರು, ಹವಾಮಾನ ರೇಡಾರ್ ಹತ್ತಿರ ಇದ್ರೆ ಮೊದಲು ಒಂದೆರಡು ವಾರ ಲಾಗ್ ನೋಡಿ. ಪದೇ ಪದೇ ಒಂದೇ ಚಾನೆಲ್ಲಲ್ಲಿ ರೇಡಾರ್ ಈವೆಂಟ್ ಬಂದ್ರೆ ಆ ಚಾನೆಲ್ ಒಂದನ್ನ ಲಿಸ್ಟಿಂದ ತೆಗೀರಿ, ಇಡೀ ಡಿಎಫ್‌ಎಸ್ ಆಫ್ ಮಾಡ್ಬೇಡಿ. ಒಂದೇ ಎಪಿ ಮಾತ್ರ ಎಲ್ಲಾ ಚಾನೆಲ್ಲಲ್ಲೂ ರೇಡಾರ್ ನೋಡಿದೆ ಅಂತಿದ್ರೆ ಅದು ರೇಡಾರ್ ಅಲ್ಲ, ಎಪಿ ಕಣ್ಣಿನ ದೋಷ. ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ಬದಲಾಯಿಸಿ.

ಇನ್ನೊಂದು, ಕೆಲವು ಹಳೇ ಸ್ಕ್ಯಾನರ್, ಪ್ರಿಂಟರ್, ಟಿವಿ ಇಂಥವಕ್ಕೆ ಡಿಎಫ್‌ಎಸ್ ಚಾನೆಲ್ ಕಣ್ಣಿಗೇ ಬೀಳಲ್ಲ. 144 ಕೂಡ ಹಂಗೇ, ಹಳೇ ಡಿವೈಸುಗಳಿಗೆ ಅದು ಗೊತ್ತೇ ಇಲ್ಲ. ಆಟೋ ಒಂದು ರಾತ್ರಿ ಚಾನೆಲ್ ಬದಲಿಸಿ ಬೆಳಗ್ಗೆ ಒಂದು ಪ್ರಿಂಟರ್ ಮಾತ್ರ ಮಾಯ ಆಗಿದ್ರೆ ಮೊದಲು ಇದನ್ನ ಚೆಕ್ ಮಾಡಿ.

ಆಟೋ ಆನ್ ಮಾಡಿದ್ಮೇಲೆ ಮೀಟಿಂಗ್ ಮಧ್ಯೆ ಕಾಲ್ ಡ್ರಾಪ್ ಆಗ್ತಿದೆ. ಆಫ್ ಮಾಡ್ಲಾ?

ಆಫ್ ಬೇಡ, ಟೈಮ್ ಬದಲಿಸಿ. ಎಪಿ ಚಾನೆಲ್ ಬದಲಿಸೋ ಮುಂಚೆ ನಾನು ಇಂಥ ಚಾನೆಲ್ಲಿಗೆ ಹೋಗ್ತಿದೀನಿ ಅಂತ ಬೀಕನ್ನಲ್ಲಿ (ನಾನಿಲ್ಲಿದ್ದೀನಿ ಅಂತ ಎಪಿ ಆಗಾಗ ಕಳಿಸೋ ಚಿಕ್ಕ ಮೆಸೇಜ್) ಹೇಳತ್ತೆ, ಒಳ್ಳೇ ಡಿವೈಸುಗಳು ಹಿಂದೇನೇ ಹೋಗತ್ವೆ, ಕೆಲವು ಕೇಳಿಸ್ಕೊಳಲ್ಲ, ಕನೆಕ್ಷನ್ ಬಿದ್ದು ಮತ್ತೆ ಹುಡುಕ್ಕೊಂಡು ಬರತ್ವೆ, ಅಷ್ಟರಲ್ಲಿ ಕಾಲ್ ಹೋಗಿರತ್ತೆ. ಸಿಸ್ಕೋ ಕಂಟ್ರೋಲರ್ ಡಿಫಾಲ್ಟಾಗಿ 10 ನಿಮಿಷಕ್ಕೊಮ್ಮೆ ಚಾನೆಲ್ ಲೆಕ್ಕ ಹಾಕತ್ತೆ, ಹಾಗಂತ ಪ್ರತಿ ಸಲ ಬದಲಿಸಲ್ಲ, ಲಾಭ ಒಂದು ಮಟ್ಟ ದಾಟಿದ್ರೆ ಮಾತ್ರ. ಅರೂಬಾ ಕಂಪನಿಯ ಏರ್‌ಮ್ಯಾಚ್ ದಿನಕ್ಕೊಂದು ಸಲ, ಡಿಫಾಲ್ಟಾಗಿ ಬೆಳಗಿನ ಜಾವ 5 ಗಂಟೆಗೆ. ನನ್ನ ಅಭಿಪ್ರಾಯದಲ್ಲಿ ಆಫೀಸಿಗೆ ಎರಡನೇ ರೀತಿಯೇ ವಾಸಿ, ಹಗಲು ಅಳೀರಿ, ರಾತ್ರಿ ಬದಲಿಸಿ. ರೇಡಾರ್ ಬಂದ್ರೆ ಅಥವಾ ಚಾನೆಲ್ ಪೂರ್ತಿ ಜಾಮ್ ಆದ್ರೆ ಮಾತ್ರ ಹಗಲು ಬದಲಿಸೋಕೆ ಬಿಡಿ, ಬಹುತೇಕ ಕಂಟ್ರೋಲರಲ್ಲಿ ಟೈಮ್, ಸೆನ್ಸಿಟಿವಿಟಿ (ಎಷ್ಟು ಸುಲಭಕ್ಕೆ ಚಾನೆಲ್ ಬದಲಿಸ್ಬೇಕು ಅನ್ನೋದು) ಎರಡೂ ಸೆಟ್ ಮಾಡೋಕೆ ಬರತ್ತೆ.

ಇದರಲ್ಲಿ ಒಂದು ಕೊಕ್ಕೆ ಇದೆ. ರಾತ್ರಿ ಆಫೀಸ್ ಖಾಲಿ, ಆ ಹೊತ್ತಿನ ಸ್ಕ್ಯಾನ್ ಮಾತ್ರ ನೋಡಿ ಪ್ಲಾನ್ ಮಾಡಿದ್ರೆ ಹಗಲಿನ ಗದ್ದಲ ಅದಕ್ಕೆ ಗೊತ್ತೇ ಇರಲ್ಲ. ಹಗಲಿನ ಡೇಟಾ ಸೇರಿಸಿ ಲೆಕ್ಕ ಹಾಕೋ ಸಿಸ್ಟಮ್ಮಾ ಅಂತ ತಗೊಳೋವಾಗಲೇ ಕೇಳಿ.

ಪಕ್ಕದ ಆಫೀಸಿನವರದ್ದು, ಮೇಲಿನ ಫ್ಲೋರಿನವರದ್ದು ಎಪಿ ತುಂಬಾ ಇದೆ. ಆಟೋ ಅದನ್ನೂ ನೋಡ್ಕೊಳತ್ತಾ?

ನೋಡತ್ತೆ, ಹಿಡಿತ ಇಲ್ಲ. ನಿಮ್ಮ ಕಂಟ್ರೋಲರಿಗೆ ಅವರ ಎಪಿ ಕೇಳಿಸತ್ತೆ, ಅದಕ್ಕೆ ದೂರದ ಚಾನೆಲ್ ಆರಿಸತ್ತೆ. ಅವರದ್ದೂ ಆಟೋ ಇದ್ರೆ ತಮಾಷೆ ಶುರು: ನೀವು ಬಿಟ್ಟ ಚಾನೆಲ್ಲಿಗೆ ಅವರು ಬರ್ತಾರೆ, ಅವರು ಬಂದ್ರು ಅಂತ ನೀವು ಮತ್ತೆ ಓಡ್ತೀರ, ಇಬ್ಬರ ಲಾಗಲ್ಲೂ ದಿನಕ್ಕೆ ಹತ್ತಾರು ಬದಲಾವಣೆ. ಸೆನ್ಸಿಟಿವಿಟಿ ಕಡಿಮೆ ಮಾಡಿ, ವೀಕಾಗಿ ಕೇಳಿಸೋ ಹೊರಗಿನವರನ್ನ ಲೆಕ್ಕಕ್ಕೆ ತಗೋಬೇಡ ಅಂತ ಹೇಳಿ, ಒಬ್ಬರಾದ್ರೂ ಸುಮ್ಮನಾದ್ರೆ ಇನ್ನೊಬ್ಬರೂ ಸುಮ್ಮನಾಗ್ತಾರೆ. ಕಟ್ಟಡ ಹಂಚ್ಕೊಂಡಿರೋರ ಐಟಿ ಜನ ಒಂದು ಸಲ ಕೂತು ಎಲ್ಲರೂ 40 ಮೀರೋದು ಬೇಡ, ಗೋಡೆ ಪಕ್ಕದ ಎಪಿ ಪವರ್ ಇಳಿಸೋಣ ಅಂತ ಒಪ್ಕೊಂಡ್ರೆ ಯಾವ ದುಬಾರಿ ಲೈಸೆನ್ಸಿಗಿಂತ ಜಾಸ್ತಿ ಲಾಭ. ಪಕ್ಕದವರ ಎಪಿಯನ್ನ ರೋಗ್, ಅಂದ್ರೆ ಅನುಮತಿ ಇಲ್ಲದ ಎಪಿ, ಅಂತ ಮಾರ್ಕ್ ಮಾಡಿ ಅವರ ಡಿವೈಸುಗಳನ್ನ ಕಿತ್ತು ಹಾಕೋ ಫೀಚರ್ ಆನ್ ಮಾಡೋ ಯೋಚನೆ ಬಂದ್ರೆ ಅಲ್ಲಿಗೇ ಬಿಡಿ. ಅಮೆರಿಕದಲ್ಲಿ 2014ರಲ್ಲಿ ಒಂದು ದೊಡ್ಡ ಹೋಟೆಲ್ ಕಂಪನಿ ಗೆಸ್ಟುಗಳ ಹಾಟ್‌ಸ್ಪಾಟ್ ಬ್ಲಾಕ್ ಮಾಡಿದ್ದಕ್ಕೆ ಅಲ್ಲಿನ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಜೊತೆ 6 ಲಕ್ಷ ಡಾಲರ್ ಕೊಟ್ಟು ಕೇಸ್ ಮುಗಿಸ್ಕೊಂಡಿದೆ.

ಕಂಪ್ಲೇಂಟ್ ಬಂದ ಕಡೆ ಇನ್ನೊಂದು ಎಪಿ ಹಾಕಿದ್ರೆ?

ಜನ ಜಾಸ್ತಿ ಆಗಿ ಚಾನೆಲ್ ಉಳಿದಿದ್ರೆ ಹಾಕಿ. ಚಾನೆಲ್ಲೇ ಉಳಿದಿಲ್ಲ ಅಂದ್ರೆ ಹೊಸ ಎಪಿ ಹೊಸ ಗದ್ದಲ ಅಷ್ಟೆ. 2.4ರಲ್ಲಂತೂ ಇರೋದೇ ಮೂರು, ಹಾಗಾಗಿ ಒತ್ತೊತ್ತಾಗಿ ಎಪಿ ಇರೋ ಕಡೆ ಅರ್ಧಕ್ಕಿಂತ ಹೆಚ್ಚು ಎಪಿಗಳ 2.4 ರೇಡಿಯೋ ಆಫ್ ಮಾಡೋದೇ ಸರಿ. ಕೆಲವು ಸಿಸ್ಟಮ್ಮಲ್ಲಿ ಆಟೋನೇ ಬೇಡದ 2.4 ರೇಡಿಯೋ ಗುರುತಿಸಿ ಆಫ್ ಮಾಡತ್ತೆ ಇಲ್ಲಾ 5ಕ್ಕೆ ತಿರುಗಿಸತ್ತೆ. ಈ ಫೀಚರ್ ನಿಜಕ್ಕೂ ಉಪಯೋಗದ್ದು.

ಡಿಪಾರ್ಟ್‌ಮೆಂಟಿಗೊಂದು ವೈಫೈ ಹೆಸರು ಕೊಟ್ಟಿದ್ದೀವಿ. ಅದಕ್ಕೂ ಇಂಟರ್ಫೆರೆನ್ಸಿಗೂ ಏನ್ ಸಂಬಂಧ?

ತುಂಬಾ ಸಂಬಂಧ, ಯಾರೂ ನೋಡದೇ ಇರೋ ಸಂಬಂಧ. ಪ್ರತಿ ಹೆಸರಿಗೂ ಪ್ರತಿ ಎಪಿ ಸುಮಾರು 102 ಮಿಲಿಸೆಕೆಂಡಿಗೊಮ್ಮೆ ಬೀಕನ್ ಕಳಿಸತ್ತೆ, ಅದೂ ನೀವು ಅನುಮತಿಸಿರೋ ಕಡಿಮೆ ಸ್ಪೀಡಲ್ಲಿ. 2.4ರಲ್ಲಿ ಆ ಕಡಿಮೆ ಸ್ಪೀಡ್ 1 ಎಂಬಿಪಿಎಸ್ ಅಂತಲೇ ಬಿಟ್ಟಿದ್ರೆ, 300 ಬೈಟಿನ ಒಂದು ಬೀಕನ್ನಿಗೆ ಎರಡೂವರೆ ಮಿಲಿಸೆಕೆಂಡ್ ಮೇಲೆ ಬೇಕು, ಅಂದ್ರೆ ಚಾನೆಲ್ ಟೈಮಿನ ಸುಮಾರು ಎರಡೂವರೆ ಪರ್ಸೆಂಟ್. ನಾಲ್ಕು ಹೆಸರು, ಒಂದೇ ಚಾನೆಲ್ಲಲ್ಲಿ ಕೇಳಿಸೋ ಮೂರು ಎಪಿ, ಒಟ್ಟು ಹನ್ನೆರಡು ಬೀಕನ್: ಯಾರೂ ಒಂದು ಮೇಲ್ ಕೂಡ ಓಪನ್ ಮಾಡದೆ 30 ಪರ್ಸೆಂಟ್ ಗಾಳಿ ಖರ್ಚು. ಇದನ್ನೇ 12 ಎಂಬಿಪಿಎಸ್ ಕನಿಷ್ಠ ಅಂತ ಮಾಡಿದ್ರೆ ಅದೇ ಹನ್ನೆರಡಕ್ಕೆ ಮೂರು ಪರ್ಸೆಂಟೂ ಬೇಕಾಗಲ್ಲ.

ಹೆಸರು ಮೂರಕ್ಕೆ ಇಳಿಸಿ, ಸ್ಟಾಫ್, ಗೆಸ್ಟ್, ಬೇಕಿದ್ರೆ ಡಿವೈಸುಗಳಿಗೆ ಒಂದು. ಡಿಪಾರ್ಟ್‌ಮೆಂಟ್ ಬೇರೆ ಮಾಡೋಕೆ ಲಾಗಿನ್ ನೋಡಿ ವಿಲ್ಯಾನ್ (ಒಂದೇ ನೆಟ್‌ವರ್ಕ್ ಒಳಗೆ ಬೇರೆ ಮಾಡಿದ ಭಾಗ) ಕೊಡೋ ವ್ಯವಸ್ಥೆ ಇದೆ, ಅದಕ್ಕೆ ಹೆಸರು ಬೇಡ. ಕಡಿಮೆ ಸ್ಪೀಡುಗಳನ್ನ ಆಫ್ ಮಾಡಿ, ಆದ್ರೆ ಮಾಡೋ ಮುಂಚೆ ಹಳೇ ಬಾರ್‌ಕೋಡ್ ಸ್ಕ್ಯಾನರ್ ಇಂಥವು ಇವೆಯಾ ನೋಡ್ಕೊಳಿ. ಇದನ್ನ ಆಟೋ ಚಾನೆಲ್ ನಿಮಗೋಸ್ಕರ ಮಾಡಲ್ಲ.

ಮೈಕ್ರೋವೇವ್, ಬ್ಲೂಟೂತ್ ಇಂಥದ್ದಕ್ಕೆ?

ಮೈಕ್ರೋವೇವ್ ಓವನ್ 2.45 ಗಿಗಾಹರ್ಟ್ಸ್ ಸುತ್ತ ಸೋರತ್ತೆ, ಪ್ಯಾಂಟ್ರಿ ಹತ್ತಿರದವರನ್ನ 5ಕ್ಕೆ ಕಳಿಸಿ, ಮುಗೀತು. ಬ್ಲೂಟೂತ್ 79 ಚಿಕ್ಕ ಚಾನೆಲ್ ಮೇಲೆ ಹಾರ್ತಾ ಇರತ್ತೆ, ಬಿಜಿ ಇರೋದನ್ನ ಬಿಟ್ಟು ಹಾರೋ ಬುದ್ಧಿನೂ ಇದೆ, ನೂರಾರು ಹೆಡ್‌ಸೆಟ್ ಇರೋ ಕಾಲ್ ಸೆಂಟರಲ್ಲಿ ಮಾತ್ರ ಅದು 2.4ನ ತಿಂದು ಹಾಕತ್ತೆ. ಯಾರೂ ಅನುಮಾನ ಪಡದ ಕಳ್ಳ ಅಂದ್ರೆ ಯುಎಸ್‌ಬಿ 3: ಅದರ ಕೇಬಲ್, ಹಾರ್ಡ್ ಡಿಸ್ಕ್, ಡಾಕ್ ಇವುಗಳಿಂದ 2.4ರ ಸುತ್ತ ನಾಯ್ಸ್ ಬರತ್ತೆ ಅಂತ ಇಂಟೆಲ್ 2012ರಲ್ಲೇ ಅಳೆದು ಬರೆದಿದೆ. ಒಬ್ಬರ ಟೇಬಲ್ಲಲ್ಲಿ ಮಾತ್ರ ವೈರ್‌ಲೆಸ್ ಮೌಸ್ ಜಗ್ತಾ ಇದ್ರೆ ಡಾಕ್ ದೂರ ಇಡಿ ಇಲ್ಲಾ ರಿಸೀವರನ್ನ ಚಿಕ್ಕ ಎಕ್ಸ್‌ಟೆನ್ಷನ್ ವೈರಲ್ಲಿ ಆಚೆ ತನ್ನಿ. ಮೈಕ್ರೋವೇವ್ ಆನ್ ಆದ ಎರಡು ನಿಮಿಷಕ್ಕೆಲ್ಲ ಚಾನೆಲ್ ಬದಲಿಸೋಕೆ ಆಟೋಗೆ ಬಿಡಬೇಡಿ.

ಲ್ಯಾಪ್‌ಟಾಪ್ ದೂರದ ಎಪಿಗೇ ಅಂಟ್ಕೊಂಡಿರತ್ತೆ. ಆಟೋ ಇದ್ರೂ ಯಾಕೆ ಹಿಂಗೆ?

ಯಾವ ಎಪಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡೋದು ಲ್ಯಾಪ್‌ಟಾಪ್, ನೆಟ್‌ವರ್ಕ್ ಅಲ್ಲ. 802.11ಕೆ ಅನ್ನೋ ವೈಫೈ ಸ್ಟ್ಯಾಂಡರ್ಡ್ ಮೂಲಕ ಎಪಿ ಹತ್ತಿರದವರ ಲಿಸ್ಟ್ ಕೊಡತ್ತೆ, 802.11ವಿ ಮೂಲಕ ಅಲ್ಲಿಗೆ ಹೋದ್ರೆ ಒಳ್ಳೇದು ಅಂತ ಹೇಳತ್ತೆ, ಎರಡೂ ಸಲಹೆ ಮಾತ್ರ. ಇವೆರಡೂ ಆನ್ ಮಾಡಿ. ಪವರ್ ಮಿತಿ ಮತ್ತೆ ಕನಿಷ್ಠ ಸ್ಪೀಡ್ ಸರಿ ಇದ್ರೆ ಅಂಟೋದು ತಾನಾಗೇ ಕಡಿಮೆ ಆಗತ್ತೆ. ಸಿಗ್ನಲ್ ಇಷ್ಟಕ್ಕಿಂತ ಇಳಿದ್ರೆ ಕಿತ್ತು ಹಾಕು ಅನ್ನೋ ಸೆಟ್ಟಿಂಗ್ ಕೊನೇ ಅಸ್ತ್ರ, ಬೇರೆ ಒಳ್ಳೇ ಎಪಿ ಕೇಳಿಸದ ಮೂಲೆಯಲ್ಲಿ ಕೂತವರಿಗೆ ಅದು ಶಿಕ್ಷೆ.

ವೈಫೈ 6, 6 ಗಿಗಾಹರ್ಟ್ಸ್ ಹಾಕಿದ್ರೆ ಇದೆಲ್ಲ ತಲೆನೋವು ಹೋಗತ್ತಾ?

ಎರಡೂ ಬೇರೆ ಬೇರೆ. ವೈಫೈ 6ರಲ್ಲಿ ಬಿಎಸ್‌ಎಸ್ ಕಲರ್ ಅಂತ ಬಂದಿದೆ, ಪ್ರತಿ ಎಪಿಗೆ 1ರಿಂದ 63ರೊಳಗೆ ಒಂದು ನಂಬರ್, ಬೇರೆ ನಂಬರಿನ ವೀಕ್ ಸಿಗ್ನಲ್ ಕೇಳಿಸಿದ್ರೆ ನಮ್ಮದಲ್ಲ ಅಂತ ಅದರ ಮೇಲೇ ಕಳಿಸಬಹುದು, ಮೊದಲ ಉತ್ತರದಲ್ಲಿ ಹೇಳಿದ ಸುಮ್ಮನಿರೋ ಕಾಯಿಲೆಗೆ ಮದ್ದು ಇದೇ. ಕಾಗದದ ಮೇಲೆ ಚೆನ್ನಾಗಿದೆ. ಎಪಿ ಡಿವೈಸ್ ಎರಡೂ ಬೆಂಬಲಿಸಬೇಕು, ಹಳೇ ಲ್ಯಾಪ್‌ಟಾಪ್ ಬೆರೆತಿರೋ ಆಫೀಸಲ್ಲಿ ಅದ್ಭುತ ಏನೂ ಕಾಣಲ್ಲ. ನಂಬರ್ ಹಂಚೋದನ್ನ ಆಟೋಗೇ ಬಿಡಿ.

6 ಗಿಗಾಹರ್ಟ್ಸ್ ಮಾತ್ರ ನಿಜವಾದ ಜಾಗ. ಅಮೆರಿಕ 2020ರಲ್ಲಿ 1200 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತು, 20ರ ಅಗಲದವು 59 ಚಾನೆಲ್. ಯುರೋಪಲ್ಲಿ ಕೆಳಗಿನ 480 ಮಾತ್ರ, 24 ಚಾನೆಲ್. ಹಳೇ ಡಿವೈಸುಗಳ ಕಾಟ ಇಲ್ಲ, ರೇಡಾರ್ ಕಾಟ ಇಲ್ಲ. ಒಳಾಂಗಣದ ಕಡಿಮೆ ಪವರ್ ಎಪಿಗೆ ಇಲ್ಲಿ ಪವರ್ ಮಿತಿ ಪ್ರತಿ ಮೆಗಾಹರ್ಟ್ಸಿಗೆ ಇಷ್ಟು ಅಂತ ಇರೋದ್ರಿಂದ ಅಗಲ ಜಾಸ್ತಿ ಮಾಡಿದ್ರೆ ಒಟ್ಟು ಪವರೂ ಜಾಸ್ತಿ ಸಿಗತ್ತೆ, 5ರಲ್ಲಿ ಬೇಡ ಅಂದ 80 ಇಲ್ಲಿ ಆರಾಮಾಗಿ ಇಡಬಹುದು. ದೂರ ಸ್ವಲ್ಪ ಕಡಿಮೆ ಹೋಗತ್ತೆ, ಡಬ್ಲ್ಯೂಪಿಎ 3 ಅನ್ನೋ ಹೊಸ ವೈಫೈ ಭದ್ರತೆ ಕಡ್ಡಾಯ, ಅದಕ್ಕೆ ಹಳೇ ಪಾಸ್‌ವರ್ಡ್ ವ್ಯವಸ್ಥೆ ಹಾಗೇ ಎತ್ತಿ ಹಾಕೋಕಾಗಲ್ಲ.

ಸರಿ, ಆಟೋ ಯಾವ ಆರ್ಡರಲ್ಲಿ ಸೆಟ್ ಮಾಡ್ಲಿ?

ಮೊದಲು ಒಂದು ವಾರ ಏನೂ ಮುಟ್ಟದೆ ಈಗಿನ ನಂಬರ್ (ಯಾವ್ಯಾವುದು ಅಂತ ಮುಂದಿನ ಉತ್ತರದಲ್ಲಿದೆ) ಬರೆದಿಟ್ಕೊಳಿ. ಆಮೇಲೆ ಹೆಸರು ಮತ್ತೆ ಕಡಿಮೆ ಸ್ಪೀಡು, ಇದು ಖರ್ಚಿಲ್ಲದ ಲಾಭ. ನಂತರ ಚಾನೆಲ್ ಅಗಲ, ಚಾನೆಲ್ ಲಿಸ್ಟ್, ಪವರ್ ಮಿತಿ, ಕೊನೆಗೆ ಆಟೋ ಆನ್ ಮಾಡಿ ಟೈಮ್ ಫಿಕ್ಸ್ ಮಾಡಿ. ಮೊದಲ ಕೆಲವು ದಿನ ಅದು ಜಾಸ್ತಿ ಬದಲಿಸತ್ತೆ, ಆಮೇಲೆ ನೆಲೆ ನಿಲ್ಲತ್ತೆ. ಎಲ್ಲಾ ಒಂದೇ ದಿನ ಬದಲಿಸಿದ್ರೆ ಯಾವುದರಿಂದ ಸರಿ ಆಯ್ತು ಯಾವುದರಿಂದ ಕೆಡ್ತು ಅಂತ ದೇವರಿಗೂ ಗೊತ್ತಾಗಲ್ಲ.

ಸರಿ ಆಗಿದೆ ಅಂತ ಹೆಂಗೆ ಹೇಳೋದು? ಸ್ಪೀಡ್ ಟೆಸ್ಟ್ ಸಾಕಾ?

ಸಾಲಲ್ಲ, ಖಾಲಿ ಹೊತ್ತಲ್ಲಿ ಯಾವ ನೆಟ್‌ವರ್ಕೂ ಚೆನ್ನಾಗೇ ಬರತ್ತೆ. ಜನ ಇರೋ ಹೊತ್ತಲ್ಲಿ ಚಾನೆಲ್ ಯುಟಿಲೈಸೇಶನ್, ಅಂದ್ರೆ ಚಾನೆಲ್ ಎಷ್ಟು ಹೊತ್ತು ಬಿಜಿ ಅನ್ನೋದು, ನೋಡಿ, 50 ಪರ್ಸೆಂಟ್ ದಾಟಿ ನಿಂತಿದ್ರೆ ಕಾಲ್‌ಗಳಿಗೆ ಕಷ್ಟ ಶುರು. ರಿಟ್ರೈ, ಅಂದ್ರೆ ಮತ್ತೆ ಕಳಿಸಬೇಕಾಗಿ ಬಂದ ಪ್ಯಾಕೆಟ್, ಎಷ್ಟು ನೋಡಿ, 10 ಪರ್ಸೆಂಟ್ ಒಳಗಿದ್ರೆ ನೆಮ್ಮದಿ, 20 ದಾಟಿದ್ರೆ ಎಲ್ಲೋ ಡಿಕ್ಕಿ ಆಗ್ತಿದೆ. ಯುಟಿಲೈಸೇಶನ್ ಜಾಸ್ತಿ ರಿಟ್ರೈ ಕಡಿಮೆ ಅಂದ್ರೆ ಕೋ-ಚಾನೆಲ್ ಕ್ಯೂ ಇರಬಹುದು, ರಿಟ್ರೈ ಜಾಸ್ತಿ ಯುಟಿಲೈಸೇಶನ್ ಕಡಿಮೆ ಅಂದ್ರೆ ವೀಕ್ ಸಿಗ್ನಲ್ ಅಥವಾ ವೈಫೈ ಅಲ್ಲದ ನಾಯ್ಸ್ ಕಡೆ ನೋಡಿ. ಕಾಲ್ ಮಾಡೋ ಜಾಗದಲ್ಲೆಲ್ಲ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಒಳ್ಳೇ ಸಿಗ್ನಲ್ ಇರ್ಲಿ, ಅದನ್ನ ಡ್ಯಾಶ್‌ಬೋರ್ಡಲ್ಲಿ ನೋಡೋದಲ್ಲ, ಫೋನ್ ಹಿಡ್ಕೊಂಡು ನಡೆದು ನೋಡೋದು.

ಎಲ್ಲಾ ಕೈಯಾರೆ ಸೆಟ್ ಮಾಡೋದೇ ಒಳ್ಳೇದು ಅನ್ನೋರಿದ್ದಾರೆ. ನಿಜನಾ?

ಕೆಲವು ಕಡೆ. ಆಡಿಟೋರಿಯಂ, ದೊಡ್ಡ ಗೋಡೌನು, ದಿಕ್ಕಿನ ಆಂಟೆನಾ ಹಾಕಿರೋ ಜಾಗ, ಇಲ್ಲೆಲ್ಲ ಎಪಿಗೆ ಎಪಿ ಕೇಳಿಸೋದಕ್ಕೂ ಜನಕ್ಕೆ ಕೇಳಿಸೋದಕ್ಕೂ ಸಂಬಂಧವೇ ಇರಲ್ಲ, ಅಲ್ಲಿ ಅಳೆದು ಕೈಯಾರೆ ಹಾಕಿ ಆ ಎಪಿಗಳನ್ನ ಮಾತ್ರ ಆಟೋ ಇಂದ ಹೊರಗಿಡಿ. ಮಾಮೂಲಿ ಫ್ಲೋರಲ್ಲಿ ಕೈಯಾರೆ ಮಾಡಿದ ಪ್ಲಾನ್ ಮಾಡಿದ ದಿನ ಆಟೋಗಿಂತ ಚೆನ್ನಾಗಿರತ್ತೆ, ಪಕ್ಕದವರು ಎಪಿ ಬದಲಿಸಿದ ದಿನ ಹಳತಾಗತ್ತೆ, ಆ ದಿನ ಯಾವುದು ಅಂತ ನಿಮಗೆ ಯಾರೂ ಹೇಳಲ್ಲ.

ಎಐ ಇದೆ ಅಂತ ಸೇಲ್ಸಿನವರು ಹೇಳ್ತಾರೆ?

ಯಾವ ಡೇಟಾ ನೋಡತ್ತೆ, ಎಷ್ಟು ದಿನದ್ದು, ಬದಲಾವಣೆಗೆ ಕಾರಣ ಲಾಗಲ್ಲಿ ಬರೆಯತ್ತಾ, ಹಿಂದಿನ ಪ್ಲಾನಿಗೆ ವಾಪಸ್ ಹೋಗೋ ಬಟನ್ ಇದ್ಯಾ, ಈ ನಾಲ್ಕು ಕೇಳಿ. ನಾಲ್ಕಕ್ಕೂ ಉತ್ತರ ಬಂದ್ರೆ ಟ್ರಯಲ್ ತಗೊಳಿ, ಟ್ರಯಲ್ಲನ್ನ ಜನ ತುಂಬಿರೋ ಫ್ಲೋರಲ್ಲೇ ಮಾಡಿ, ಡೆಮೋ ರೂಮಲ್ಲಲ್ಲ.

ಚಾನೆಲ್ ಬದಲಾವಣೆ ಲಾಗ್ ಎಷ್ಟು ದಿನ ಇಟ್ಕೋಬೇಕು?

ಕನಿಷ್ಠ ಒಂದು ತಿಂಗಳು. ವೈಫೈ ಕಂಪ್ಲೇಂಟುಗಳು ಹೋದ ವಾರ ಒಂದು ದಿನ ಮಧ್ಯಾಹ್ನ ಅಂತಲೇ ಬರೋದು, ಆ ಮಧ್ಯಾಹ್ನ ಯಾವ ಎಪಿ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನೋಡೋಕೆ ಲಾಗ್ ಬೇಕು. ಕಂಟ್ರೋಲರ್ ಒಳಗೆ ಜಾಗ ಸಾಲ್ದಿದ್ರೆ ಸಿಸ್‌ಲಾಗ್ ಸರ್ವರಿಗೆ (ಲಾಗ್ ಕೂಡಿಡೋ ಬೇರೆ ಕಂಪ್ಯೂಟರ್) ಕಳಿಸಿ.